ಹಳೇ ಗಾಡಿಗೆ ಇಷ್ಟು ಸಾಕಂತೆ!

ಮೊನ್ನೆ ಭಾನುವಾರ ಬೆಳಗ್ಗೆ ಟ್ರ್ಯಾಕ್ಟರಿನ ಇಂಜಿನ್ ಕೆಳಗೆ ಆಯಿಲ್ ನಿಲ್ಲೋ ಚೇಂಬರಿನ ಬೋಲ್ಟ್ ಬಿಚ್ಚಿದೆ. ಮೊದಲು ಬಂದದ್ದು ನೀರು. ಒಂದು ಚೊಂಬಿನಷ್ಟು ನೀರು ಸುರಿದ ಮೇಲೆ ಆಯಿಲ್ ಶುರುವಾಯಿತು. ಅದನ್ನ ಆಯಿಲ್ ಅನ್ನಬೇಕಾ? ಹಾಲು ಜಾಸ್ತಿಯಾದ ಕಾಫಿ ಬಣ್ಣ. ಎರಡು ಬೆರಳ ಮಧ್ಯೆ ಉಜ್ಜಿದರೆ ಜಿಡ್ಡೇ ಇಲ್ಲ, ಬರೀ ನೊರೆ. ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನಿಗೆ ಮೇಲೆ ಏಳೋಕೆ ಮನಸ್ಸೇ ಬರಲಿಲ್ಲ.

ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿ ಇನ್ನೂ ಮೂರು ತಿಂಗಳಾಗಿಲ್ಲ. ಓಡಿಸಿದ್ದು 41 ಗಂಟೆ. ಪ್ರತಿ ಸಲ ಸ್ಟಾರ್ಟ್ ಮಾಡಿದ್ದು, ನಿಲ್ಲಿಸಿದ್ದು ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೇನೆ. 41 ಗಂಟೆಗೆ ನೀರು ಆಯಿಲ್ ಒಂದಾಗಿ ಹೋದವು.

ನಮ್ಮದು ಎಚ್‌ಎಂಟಿ ಜೀಟರ್ 2511. ಎರಡು ಸಿಲಿಂಡರ್, 25 ಎಚ್‌ಪಿ. 1975ರಲ್ಲಿ ಅಪ್ಪ ಸಾಲ ಮಾಡಿ ತಂದದ್ದು. ಎಚ್‌ಎಂಟಿ ಅಂದರೆ ಎಲ್ಲರಿಗೂ ವಾಚ್ ನೆನಪಾಗುತ್ತೆ. 1953ರಲ್ಲಿ ಬೆಂಗಳೂರಲ್ಲಿ ಶುರುವಾದ ಅದೇ ಎಚ್‌ಎಂಟಿ, 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಜೆಕೊಸ್ಲೊವಾಕಿಯಾದವರ ಜೊತೆ ಸೇರಿ ಜೀಟರ್ ಟ್ರ್ಯಾಕ್ಟರ್ ಮಾಡೋಕೆ ಹಿಡಿಯಿತು. ಹರಿಹರ, ಮಲೇಬೆನ್ನೂರು ಕಡೆ ಭದ್ರಾ ನಾಲೆ ನೀರಲ್ಲಿ ಗದ್ದೆ ಮಾಡೋ ನಮ್ಮಂಥೋರ ಮನೆಗೆ ಅದು ಬಂದದ್ದು ಹೀಗೆ. ಕೇಜ್ ವೀಲ್ ಅನ್ನೋ ಕಬ್ಬಿಣದ ಚಕ್ರ ಹಾಕಿ ಕೆಸರಿಗೆ ಇಳಿಸಿದರೆ ಹೊಟ್ಟೆವರೆಗೂ ಮುಳುಗಿದರೂ ನಿಲ್ಲುತ್ತಿರಲಿಲ್ಲ. ಅಪ್ಪ ಇದರಲ್ಲೇ ದುಡಿದು ಸಾಲ ತೀರಿಸಿದ. ಇಬ್ಬರು ಅಕ್ಕಂದಿರ ಮದುವೆ ಮಾಡಿದ. ನನ್ನನ್ನ ಓದಿಸಿದ. 2003ರಲ್ಲಿ ದೊಡ್ಡ ಗಾಡಿ ಬಂತು. ಇದು ಕೊಟ್ಟಿಗೆ ಪಕ್ಕ ಸೇರಿತು. ಕೋಳಿಗಳು ಸೀಟಿನ ಕೆಳಗೆ ಮೊಟ್ಟೆ ಇಡ್ತಿದ್ದವು.

ಅಪ್ಪ ಹೋದ ಮೇಲೆ, ಎರಡು ವರ್ಷದ ಹಿಂದೆ, ಇದನ್ನ ಮತ್ತೆ ಎಬ್ಬಿಸಲೇಬೇಕು ಅಂತ ಕೂತೆ.

ಖರ್ಚಿನ ಬಗ್ಗೆ ನನಗೆ ಬೇಜಾರಿಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ನೋಡಿದವರೆಲ್ಲ ಮೊದಲು ಕೇಳೋದೇ "ಎಷ್ಟು ಹಾಕಿದ್ರಿ?" ಅಂತ. ಇಲ್ಲಿವರೆಗೆ 1,87,000. ಹಿಂದಿನ ಎರಡು ಟೈರಿಗೇ 31,000. ಡೀಸೆಲ್ ಪಂಪು, ನಾಜಲ್ಲು, ಕ್ಲಚ್ ಪ್ಲೇಟು, ಹೈಡ್ರಾಲಿಕ್ ಪಂಪು, ಬ್ಯಾಟರಿ, ರೇಡಿಯೇಟರು, ವೈರಿಂಗು, ಬಣ್ಣ, ಒಂದೊಂದೂ ಐದು ಸಾವಿರ, ಎಂಟು ಸಾವಿರ, ಹದಿನಾರು ಸಾವಿರ ಅಂತ ನುಂಗಿವೆ. ಗುಜರಿಯವ ತೂಕಕ್ಕೆ ಹಾಕಿ 48,000 ಕೊಡ್ತೀನಿ ಅಂದಿದ್ದ. ಲೆಕ್ಕ ನನಗೂ ಬರುತ್ತೆ. ಅಡಿಕೆ ದುಡ್ಡಲ್ಲಿ ಒಂದು ಪಾಲು ಇದಕ್ಕೆ ಅಂತ ಎತ್ತಿಟ್ಟಿದ್ದೆ. ಹೆಂಡತಿಗೂ ಹೇಳಿಯೇ ಎತ್ತಿಟ್ಟಿದ್ದೆ. ಒಬ್ಬೊಬ್ಬರು ಒಂದೊಂದಕ್ಕೆ ಖರ್ಚು ಮಾಡ್ತಾರೆ. ನಾನು ಇದಕ್ಕೆ ಮಾಡ್ತೀನಿ.

ನನ್ನ ಹೊಟ್ಟೆ ಉರಿಯೋದು ಬೇರೆ ಮಾತಿಗೆ. ಈ ಎರಡು ವರ್ಷದಲ್ಲಿ ಹೋದ ಕಡೆಯೆಲ್ಲ ಒಂದೇ ಮಾತು ಕೇಳಿದ್ದೇನೆ. "ಹಳೇ ಗಾಡಿ ಅಲ್ವೇನ್ರಿ, ಇಷ್ಟು ಸಾಕು ಬಿಡ್ರಿ."

ಲೈನರ್, ಪಿಸ್ಟನ್ ಸೆಟ್ಟಿನ ಕಥೆ ಕೇಳಿ. ಲೈನರ್ ಅಂದರೆ ಇಂಜಿನ್ ಒಳಗೆ ಪಿಸ್ಟನ್ ಮೇಲೆ ಕೆಳಗೆ ಆಡೋ ಕೊಳವೆ. ಎಚ್‌ಎಂಟಿ ಟ್ರ್ಯಾಕ್ಟರ್ ಘಟಕ ಮುಚ್ಚೋಕೆ 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಲ್ಲಿಗೆ ಕಂಪನಿ ಮಾಲು ಮುಗೀತು. ಇರೋದು ಯಾರದೋ ಅಟ್ಟದ ಮೇಲಿರೋ ಹಳೇ ಸ್ಟಾಕು, ಇಲ್ಲ ಹೊರಗಿನವರು ಮಾಡಿದ್ದು. ಹೊರಗಿನವರು ಮಾಡಿದ್ದೆಲ್ಲ ಕೆಟ್ಟದ್ದಲ್ಲ. ಹೆಸರು ಹಾಕಿ, ಅಳತೆ ಸರಿಯಾಗಿಟ್ಟು ಮಾಡೋರಿದ್ದಾರೆ. ಅಂಥದ್ದು ಇದ್ದರೆ ಅಂಥದ್ದೇ ಕೊಡಿ ಅಂತ ನಾನೇ ಬಾಯಿಬಿಟ್ಟು ಕೇಳಿದೆ. ಅಂಗಡಿಯವರು ಒಳಗೆ ಹೋಗಿ ಒಂದು ಡಬ್ಬಿ ತಂದರು. "ಹಳೇ ಕಂಪನಿ ಸ್ಟಾಕು ಸಾರ್, ಇದೊಂದೇ ಉಳಿದಿತ್ತು, ನಿಮಗೋಸ್ಕರ ತೆಗೆದಿಟ್ಟೆ" ಅಂದರು. ಡಬ್ಬಿ ಅಂಚು ಮಾಸಿತ್ತು. ಮೇಲೆ ಧೂಳಿತ್ತು. ಹೊಳೆಯೋ ಸ್ಟಿಕ್ಕರ್ ಬೇರೆ. 11,400 ರೂಪಾಯಿ ಎಣಿಸಿ ಕೊಟ್ಟೆ.

ಬಿಲ್ ಕೇಳಿದೆ. ಎಸ್ಟಿಮೇಟ್ ಚೀಟಿಯಲ್ಲಿ ಬರೆದು ಕೊಟ್ಟರು. ಜಿಎಸ್‌ಟಿ ಬಿಲ್ ಬೇಕು ಅಂದರೆ "ಸುಮ್ನೆ ಟ್ಯಾಕ್ಸ್ ಯಾಕೆ ಕಟ್ತೀರಿ" ಅಂತ. ಟ್ಯಾಕ್ಸ್ ಎಷ್ಟಾದರೂ ಕಟ್ಟೋಕೆ ನಾನು ತಯಾರಿದ್ದೆ. ಬಿಲ್ ಕೊಡದೆ ಇರೋದು ನನ್ನ ದುಡ್ಡು ಉಳಿಸೋಕಲ್ಲ. ನಾಳೆ ನಾನು ವಾಪಸ್ ಬಂದರೆ "ನಮ್ಮ ಅಂಗಡಿದೇ ಅಂತ ಏನು ಗ್ಯಾರಂಟಿ" ಅಂತ ಕೇಳೋಕೆ. ಅಷ್ಟು ಅರ್ಥ ಆಗದ ದಡ್ಡನಲ್ಲ ನಾನು. ಆದರೆ ಬೇರೆ ಕಡೆ ಸಿಗಲ್ಲ ಅನ್ನೋ ಹೆದರಿಕೆಗೆ ಸುಮ್ಮನಾದೆ. ಅವರು ಆಟ ಆಡೋದೇ ಆ ಹೆದರಿಕೆ ಮೇಲೆ.

ಈಗ ಇಂಜಿನ್ ಮೇಲಿನ ಮುಚ್ಚಳ, ಅಂದರೆ ಹೆಡ್ ಎತ್ತಿ, ಲೈನರ್ ಹೊರಗೆ ಎಳೆದು ನೋಡಿದೆ. ಈ ಇಂಜಿನ್ನಲ್ಲಿ ಲೈನರಿನ ಸುತ್ತ ನೇರವಾಗಿ ನೀರು ಇರುತ್ತೆ. ಆ ನೀರು ಕೆಳಗೆ ಚೇಂಬರಿಗೆ ಇಳಿಯದ ಹಾಗೆ ತಡೆಯೋದು ಲೈನರಿನ ಬುಡಕ್ಕೆ ಹಾಕಿರೋ ರಬ್ಬರ್ ರಿಂಗು. ಸೆಟ್ಟಿನ ಜೊತೆಗೇ ಬಂದ ರಿಂಗುಗಳು ಬಿಸಿಗೆ, ಆಯಿಲಿಗೆ ಊದಿಕೊಂಡು ಕೂತಿದ್ದವು. ಉಗುರು ಒತ್ತಿದರೆ ಒಳಗೆ ಹೋಗುತ್ತೆ. ಒಂದು ರಿಂಗು ಕೈಯಲ್ಲಿ ಹಿಡಿದ ಕೂಡಲೇ ಎರಡು ತುಂಡಾಯಿತು. ಮೇಲಿನ ಕಥೆ ಇನ್ನೂ ಕೆಟ್ಟದು. ಲೈನರಿನ ಮೇಲಂಚಿನ ಕಾಲರ್, ಅದು ಕೂರೋ ಇಂಜಿನ್ ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಎದ್ದು ನಿಲ್ಲಬೇಕು. ಆಗ ಹೆಡ್ ಟೈಟ್ ಮಾಡಿದರೆ ನಡುವಿನ ಪ್ಯಾಕಿಂಗ್ ಒತ್ತಿ ಕೂರುತ್ತೆ, ಸೋರಲ್ಲ. ನಾನು ಸ್ಟೀಲ್ ಪಟ್ಟಿ ಇಟ್ಟು, ಸಂದು ಅಳೆಯೋ ತೆಳು ತಗಡಿನ ಫೀಲರ್ ಗೇಜ್ ತೂರಿಸಿ ನೋಡಿದೆ. ಒಂದು ಲೈನರ್ ಸರಿ ಇತ್ತು. ಇನ್ನೊಂದು ಬ್ಲಾಕಿಗಿಂತ ಕೆಳಗೆ ಕೂತಿತ್ತು. ಒಂದೇ ಡಬ್ಬಿಯಲ್ಲಿ ಬಂದ ಎರಡು ಲೈನರ್, ಎರಡು ಅಳತೆ.

ಕೂರಿಸುವಾಗ ಫಿಟ್ಟರ್ ನೋಡಲಿಲ್ವಾ? ನೋಡಿದ್ದನಂತೆ. ಈಗ ಫೋನ್ ಮಾಡಿ ಕೇಳಿದರೆ ಹೇಳ್ತಾನೆ. "ಸ್ವಲ್ಪ ಕೆಳಗಿತ್ತು ಅಣ್ಣಾ, ಹಳೇ ಗಾಡಿ, ನೀವೇನು ದಿನಾ ಹೂಡ್ತೀರಾ, ಇಷ್ಟು ಸಾಕು ಅಂದ್ಕಂಡೆ." ಅಂದ್ಕಂಡನಂತೆ! ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತಿದ್ದೆ. ಒಂದು ಮಾತು ಹೇಳಿದ್ದರೆ ಅವತ್ತೇ ಸೆಟ್ ವಾಪಸ್ ಕೊಡ್ತಿದ್ದೆ. ಅದೇ ಹುಡುಗ ಹೊಸ 50 ಎಚ್‌ಪಿ ಗಾಡಿಗೆ ಹೀಗೆ ಮಾಡ್ತಾನಾ? ಮಾಡಲ್ಲ. ಆ ಗಾಡಿಯವರು ಬಂದು ಕುತ್ತಿಗೆ ಹಿಡೀತಾರೆ ಅಂತ ಗೊತ್ತು.

ಬಣ್ಣದವನೂ ಅಷ್ಟೇ. ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ಒಣಗಿಸಿ ಆಮೇಲೆ ಬಣ್ಣ ಅಂತ ಮಾತಾಗಿತ್ತು. ನಾನು ತೋಟಕ್ಕೆ ಹೋಗಿ ಬರೋದರಲ್ಲಿ ತುಕ್ಕಿನ ಮೇಲೇ ಬಣ್ಣ ಬಳಿದಿದ್ದ. ಮಳೆಗಾಲ ಮುಗಿಯೋ ಹೊತ್ತಿಗೆ ಮಡ್‌ಗಾರ್ಡ್ ಮೇಲೆ ಗುಳ್ಳೆ ಎದ್ದಿದೆ.

ಇಷ್ಟೆಲ್ಲ ಆದ ಮೇಲೂ ಯಾಕೆ ಹಿಡಿದುಕೊಂಡಿದ್ದೀಯ ಅಂತ ಕೇಳ್ತಾರೆ. ಕೇಳೋರಿಗೆ ಮುಂದಿನ ಆಕ್ಸಲಿನ ಬುಷ್ ತೋರಿಸಬೇಕು ಅನ್ನಿಸುತ್ತೆ.

ಮುಂದಿನ ಆಕ್ಸಲ್ ನಡುವೆ ಒಂದು ಪಿನ್ ಮೇಲೆ ಆಡುತ್ತೆ. ಆ ಪಿನ್ನಿನ ಬುಷ್, ಅಂದರೆ ಪಿನ್ ಕೂರೋ ಲೋಹದ ಬಳೆ ಸವೆದು, ಸ್ಟೇರಿಂಗ್ ಹಿಡಿದರೆ ಗಾಡಿ ತೂರಾಡ್ತಿತ್ತು. ಅಂಗಡಿಯಲ್ಲಿ ಸಿಗಲಿಲ್ಲ. ಎರಡು ಲೇತ್ ಶಾಪಿನವರು ಅದೇ ಮಾತು ಹೇಳಿ, ತಗಡು ಸುತ್ತಿ ಬಡಿದು ಕೊಡ್ತೀವಿ ಅಂದರು. ಆಮೇಲೆ ಯಾರೋ ಹರಿಹರದ ಒಬ್ಬ ಅಜ್ಜನ ಮನೆ ತೋರಿಸಿದರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಲೇತ್ ಮೆಷಿನನ್ನೇ ತಯಾರು ಮಾಡ್ತಿದ್ದ ಕಾರ್ಖಾನೆ ಅದು. ಈಗ ಅದೂ ಇಲ್ಲ. ಅಜ್ಜ ಮನೆ ಹಿಂದೆ ಶೀಟ್ ಹಾಕಿಕೊಂಡು ಒಂದು ಹಳೇ ಲೇತ್ ಇಟ್ಟುಕೊಂಡಿದ್ದಾರೆ.

ಪಿನ್ ಕೈಗೆ ತಗೊಂಡರು. ಮೈಕ್ರೋಮೀಟರ್ ಹಾಕಿ ಮೂರು ಕಡೆ ಅಳೆದರು. ತಿರುಗಿಸಿ ಮತ್ತೆ ಮೂರು ಕಡೆ ಅಳೆದರು. "ಇದು ದುಂಡಗಿಲ್ಲ, ಮೊಟ್ಟೆ ಆಗಿದೆ. ಮೊದಲು ಇದನ್ನ ಸರಿ ಮಾಡಬೇಕು, ಆಮೇಲೆ ಬುಷ್" ಅಂದರು. ನಾನು, ಅಲ್ಲಿವರೆಗೆ ಎಲ್ಲರ ಬಾಯಲ್ಲಿ ಕೇಳಿ ಕೇಳಿ ಅಭ್ಯಾಸ ಆಗಿತ್ತೇನೋ, "ಹಳೇ ಗಾಡಿ ಅಜ್ಜಾರೆ, ನಡೆಯುತ್ತೆ ಅಲ್ವಾ" ಅಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ "ಹಳೇದು ಅಂತ ಅಳತೆ ಬದಲಾಗುತ್ತೇನಪ್ಪ?" ಅಂದರು. ಅವತ್ತು ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ಒಂದು ವಾರ ಬಿಟ್ಟು ಹೋದೆ. ಗನ್‌ಮೆಟಲ್ ಬುಷ್. ಒಳಗೆ ಆಯಿಲ್ ನಿಲ್ಲೋಕೆ ಸಣ್ಣ ತೋಡು ಕೊರೆದಿದ್ದರು. ಸುತ್ತಿಗೆ ಎತ್ತೋಕೆ ಹೋದರೆ ಕೈ ಹಿಡಿದರು. ಬೆರಳಿಗೆ ಆಯಿಲ್ ಸವರಿ ಪಿನ್ ಮೇಲೆ ಬುಷ್ ಇಟ್ಟು ಅಂಗೈಯಲ್ಲಿ ಒತ್ತಿದರು. ನಿಧಾನಕ್ಕೆ, ಎಲ್ಲೂ ತಡೆಯದೆ, ಎಲ್ಲೂ ಅಲ್ಲಾಡದೆ ಒಳಗೆ ಹೋಯಿತು. 900 ರೂಪಾಯಿ ತಗೊಂಡರು. ಇಡೀ ಟ್ರ್ಯಾಕ್ಟರಿನಲ್ಲಿ ನಾನು ಕಣ್ಣು ಮುಚ್ಚಿ ನಂಬೋ ಭಾಗ ಅದೊಂದೇ. ಈಗ ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ನಾಲೆ ಏರಿ ಮೇಲೆ ಹೋಗಬಹುದು.

ಆ ಖುಷಿ ಎಂಥದು ಅಂತ ಹೇಗೆ ಹೇಳಲಿ? ಮೊದಲ ಸಲ ಇಂಜಿನ್ ಸ್ಟಾರ್ಟ್ ಆದಾಗ ಆ ಎರಡು ಸಿಲಿಂಡರಿನ ಡುಗ್ ಡುಗ್ ಸದ್ದು ಕೇಳಿ ನಮ್ಮವ್ವ ಒಳಗಿಂದ ಓಡಿ ಬಂದಳು. 84 ವರ್ಷ. ಕಿವಿ ಮಂದ. ಬಾಗಿಲ ಚೌಕಟ್ಟು ಹಿಡಿದು ನಿಂತು "ನಿಮ್ಮಪ್ಪ ಗದ್ದೆಯಿಂದ ಬಂದಂಗಾತು" ಅಂದಳು. ಅಷ್ಟಕ್ಕೇ ಆ 1,87,000 ತೀರಿತು ನನಗೆ. ಅದಕ್ಕೇ ಈ ನೊರೆ ಆಯಿಲ್ ನೋಡಿದಾಗ ಇಷ್ಟು ಸಿಟ್ಟು ಬಂದದ್ದು. ಆ ಡಬ್ಬಿ ಮಾರಿದವರು ನನ್ನ 11,400 ಮಾತ್ರ ತಗೊಂಡಿಲ್ಲ.

ಅಂಗಡಿ, ಗ್ಯಾರೇಜಿನವರನ್ನಷ್ಟೇ ಯಾಕೆ ಬೈಯಲಿ. ಸರ್ಕಾರದ ನಿಯಮಕ್ಕೂ ಟ್ರ್ಯಾಕ್ಟರ್ ಕಾಣಲ್ಲ. 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಅಂತ ಕೇಂದ್ರ ಸಾರಿಗೆ ಇಲಾಖೆ ಹೊಸ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಹಾಗೇ ಉಳಿಸಿಕೊಂಡಿರಬೇಕು. ಅಂಥ ಗಾಡಿಗೆ "ವಿಎ" ಅಕ್ಷರ ಇರೋ ಬೇರೆ ನಂಬರ್ ಪ್ಲೇಟು, 10 ವರ್ಷದ ನೋಂದಣಿ. ಶುಲ್ಕ 20,000. ನಮ್ಮ ಗಾಡಿಗೆ 2025ಕ್ಕೆ 50 ತುಂಬಿತು. ಎಂವೈ ಅಂತ ಶುರುವಾಗೋ ಹಳೇ ನಂಬರು, ಹಳೇ ಪುಸ್ತಕ, ಎಲ್ಲ ಇದೆ. ಆಸೆಯಿಂದ ವಿಚಾರಿಸಿದೆ. ಆ ನಿಯಮದಲ್ಲಿ ಬರೋದು ದ್ವಿಚಕ್ರ ವಾಹನ ಮತ್ತು ಕಾರಿನಂಥ ಪ್ರಯಾಣಿಕರ ವಾಹನ ಮಾತ್ರ. ಟ್ರ್ಯಾಕ್ಟರ್ ಇಲ್ಲ. ವಿಂಟೇಜ್ ಪ್ಲೇಟ್ ಹಾಕಿದರೆ ದಿನಾ ರಸ್ತೆಗೆ ಇಳಿಸೋ ಹಾಗಿಲ್ಲ, ಗೊತ್ತು. ಆದರೂ ಆ 20,000 ನಾನು ಕಟ್ಟುತ್ತಿದ್ದೆ.

ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳನ್ನ ನೋಡಿದ್ದೇನೆ. ಎರಡು ಗಂಟೆ ನಿಂತು ನೋಡಿದ್ದೇನೆ. ಎಷ್ಟು ಚಂದ ಇಟ್ಟಿದ್ದಾರೆ, ಅವರಿಗೆ ಕೈ ಮುಗಿಯಬೇಕು. ಕಾರಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಒಬ್ಬ ಸಾಹುಕಾರ ಮದುವೆಗೆ ಓಡಿಸಿದ ಕಾರು 50 ವರ್ಷಕ್ಕೆ ವಿಂಟೇಜ್ ಆಗುತ್ತೆ, ಮೂರು ಹೋಬಳಿಯ ಗದ್ದೆ ಹೂಡಿದ ಟ್ರ್ಯಾಕ್ಟರ್ 50 ವರ್ಷಕ್ಕೆ ಗುಜರಿ ಆಗುತ್ತೆ. ಇದು ಯಾವ ನ್ಯಾಯ? ನೀವು ತಿಂದ ಅನ್ನದಲ್ಲಿ ಯಾರ ಪಾಲು ಜಾಸ್ತಿ?

ಅಂಗಡಿಯವರಲ್ಲಿ, ಮೇಸ್ತ್ರಿಗಳಲ್ಲಿ ನಾನು ಕೇಳೋದು ದೊಡ್ಡದೇನಲ್ಲ. ಡೂಪ್ಲಿಕೇಟ್ ಆದರೆ ಡೂಪ್ಲಿಕೇಟ್ ಅಂತ ಹೇಳಿ, ಬೇಕೋ ಬೇಡವೋ ನಾನು ನೋಡ್ಕೋತೀನಿ. ಬಿಲ್ ಕೊಡಿ. ಅಳತೆ ತಪ್ಪಿದ್ದರೆ ಕೆಲಸ ನಿಲ್ಲಿಸಿ ಒಂದು ಮಾತು ಹೇಳಿ. ಎಷ್ಟು ಸಾಕು ಅನ್ನೋದನ್ನ ದುಡ್ಡು ಕೊಡೋ ನಾನು ತೀರ್ಮಾನ ಮಾಡ್ತೀನಿ.

ಎರಡೂ ಲೈನರ್, ತುಂಡಾದ ರಿಂಗು, ಆ ಮಾಸಿದ ಡಬ್ಬಿ, ಎಸ್ಟಿಮೇಟ್ ಚೀಟಿ, ಎಲ್ಲ ಗೊಬ್ಬರದ ಚೀಲಕ್ಕೆ ಹಾಕಿ ಬೈಕಿಗೆ ಕಟ್ಟಿಟ್ಟಿದ್ದೇನೆ. ಒಂದು ಬಾಟಲಿಯಲ್ಲಿ ಆ ಆಯಿಲನ್ನೂ ತುಂಬಿದ್ದೇನೆ. ಸೋಮವಾರ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಅವರ ಗಲ್ಲಾ ಮೇಜಿನ ಮೇಲೆ, ಗಿರಾಕಿಗಳ ಎದುರಿಗೇ, ಸ್ಟೀಲ್ ಪಟ್ಟಿ ಇಟ್ಟು ಅಳೆದು ತೋರಿಸ್ತೀನಿ.