ನೆಟ್ಟ ಕಂಬ, ಕೆಟ್ಟ ಕಂಬ

ವಿದ್ಯುತ್ ವಾಹನಗಳ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು ಎಂಬ ಸುದ್ದಿಯನ್ನು ನೀವೂ ಓದಿದ್ದೀರಿ. 5,500ಕ್ಕೂ ಹೆಚ್ಚು ಕೇಂದ್ರಗಳು! 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯವೂ ನಮ್ಮದೇ. ಬೆನ್ನು ತಟ್ಟಿಕೊಳ್ಳೋಣ. ನಾಲ್ಕರಲ್ಲಿ ಮೂರು ಪಾಲು ಕೇಂದ್ರಗಳು ಬೆಂಗಳೂರು ನಗರ ಜಿಲ್ಲೆಯೊಳಗೇ ಇವೆ ಎಂಬುದು ಸಣ್ಣ ಅಕ್ಷರದ ವಿಷಯ. ಬೀದರಿನವರು ಕಾರು ಕೊಂಡರೆ ಚಾರ್ಜ್ ಮಾಡಲು ರಾಜಧಾನಿಗೆ ಬರಲಿ. ಹೇಗೆ ಬರುತ್ತಾರೋ ಅದು ಅವರ ಪಾಡು.

ಎಣಿಕೆಯಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ನೆಟ್ಟ ಕಂಬ ಲೆಕ್ಕಕ್ಕೆ ಸೇರುತ್ತದೆ, ಕೆಟ್ಟ ಕಂಬ ಲೆಕ್ಕ ಬಿಟ್ಟು ಹೋಗುವುದಿಲ್ಲ. ನನ್ನ ಅಚ್ಚುಮೆಚ್ಚು 'ಭಾರತ್ ಡಿಸಿ-001' ಎಂಬ ಚಾರ್ಜಿಂಗ್ ಯಂತ್ರಗಳು. 15 ಕಿಲೋವಾಟ್ ಶಕ್ತಿ. ಸರ್ಕಾರಿ ಕಚೇರಿಗಳು ಓಡಿಸಿದ ಮೊದಲ ತಲೆಮಾರಿನ 72 ವೋಲ್ಟಿನ ಕಾರುಗಳಿಗೆ ಹೇಳಿ ಮಾಡಿಸಿದವು. ಅಷ್ಟರಲ್ಲಿ ಕಾರು ಕಂಪನಿಗಳು ಸಿಸಿಎಸ್-2 ಎಂಬ ಬೇರೆ ಬಗೆಯ ಪ್ಲಗ್ಗಿಗೆ, 300 ವೋಲ್ಟ್ ದಾಟಿದ ಬ್ಯಾಟರಿಗೆ ಹೊರಳಿಕೊಂಡವು. ಜಾತಕ ಕೂಡಲಿಲ್ಲ, ವರ ಮಂಟಪದಲ್ಲೇ ಉಳಿದ.

ಕೂಡುವ ಯಂತ್ರವೇ ಸಿಕ್ಕಿತು ಎನ್ನಿ. ಆಗ ಆ್ಯಪ್ ಬೇಕು. ಕಂಪನಿಗೊಂದು ಆ್ಯಪ್, ಆ್ಯಪ್‌ಗೊಂದು ಮುಂಗಡ. ಪೆಟ್ರೋಲ್ ಬಂಕಿನ ಹುಡುಗ 'ಮೊದಲು ಐನೂರು ಕಟ್ಟಿ, ಒಟಿಪಿ ಹೇಳಿ, ಆಮೇಲೆ ಪೈಪ್ ಹಿಡಿಯುತ್ತೇನೆ' ಎಂದಿದ್ದರೆ ಅಲ್ಲೇ ಜಗಳವಾಗುತ್ತಿತ್ತು. ಇಲ್ಲಿ ತೆಪ್ಪಗೆ ಕಟ್ಟುತ್ತೇವೆ. ಇಲ್ಲಿ ಅರವತ್ತು, ಅಲ್ಲಿ ನೂರಿಪ್ಪತ್ತು ರೂಪಾಯಿ ಉಳಿದುಬಿಡುತ್ತದೆ. ಮರಳಿ ತೆಗೆಯುವ ಗುಂಡಿ ಎಲ್ಲಿದೆಯೋ ಶಿವನೇ ಬಲ್ಲ. ಮಗಳ ಮದುವೆಗೆ ಸಾಲ ಬೇಕಾದಾಗ ಈ ಕಂಪನಿಗಳ ಬಾಗಿಲಿಗೇ ಹೋಗಬೇಕೆಂದಿದ್ದೇನೆ. ಬಡ್ಡಿಯಿಲ್ಲದೆ ಕೊಟ್ಟವರಿಗೆ ಬಡ್ಡಿಯಿಲ್ಲದೆ ಕೊಡಲಿ.

ಆ್ಯಪ್‌ನಲ್ಲಿ ಹಸಿರು ಚುಕ್ಕೆ ಕಂಡು ಹೋದರೆ ಜಾಗದಲ್ಲಿ ಪೆಟ್ರೋಲ್ ಕಾರು ನೆರಳಿಗೆ ನಿಂತಿರುತ್ತದೆ. ಇಲ್ಲವೇ ಯಾವುದೋ ಮಗು ಒತ್ತಿದ ಕೆಂಪು ತುರ್ತು ಗುಂಡಿ ಒತ್ತಿದಂತೆಯೇ ಇರುತ್ತದೆ. ತಿರುಗಿಸಿದರೆ ಬಿಡುತ್ತದೆ. ತಿರುಗಿಸುವುದು ಯಾರ ಕರ್ತವ್ಯ ಎಂಬುದಕ್ಕೆ ಬಹುಶಃ ಇನ್ನೂ ಟೆಂಡರ್ ಆಗಿಲ್ಲ.

ನಗು ಸಾಕು. ಮನೆಯಲ್ಲಿ ಪ್ಲಗ್ ಇರುವವನಿಗೆ ಇದೆಲ್ಲ ತಮಾಷೆ. ಬಾಡಿಗೆ ಕೋಣೆಯಲ್ಲಿದ್ದು, ಸಾಲ ಮಾಡಿ ಇ-ಆಟೊ ಕೊಂಡವನು ಸತ್ತ ಯಂತ್ರದೆದುರು ಕಳೆಯುವ ಹೊತ್ತು ಅವನ ಕೂಲಿ. ಕಂತು ಕಾಯುವುದಿಲ್ಲ. ಅವನಿಗೆ 'ಪರಿಸರ ಉಳಿಸಿ' ಎಂದು ಬೋಧಿಸಲು ನಿಮಗೆ ನಾಚಿಕೆಯಾಗಬೇಕು.

ಈಗ ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 2,000 ಕೋಟಿ ರೂಪಾಯಿ, ದೇಶಕ್ಕೆ ಸುಮಾರು 72,000 ಹೊಸ ಕೇಂದ್ರಗಳಂತೆ. ನೆಡಿ ಸ್ವಾಮಿ. ಅದಕ್ಕೆ ಮೊದಲು, ಇರುವುದರಲ್ಲಿ ಇವತ್ತು ಎಷ್ಟು ನಡೆಯುತ್ತಿವೆ ಎಂದು ಒಂದು ಪಟ್ಟಿ ಹೊರಡಿಸಿ. ಜಿಲ್ಲಾವಾರು.