ಮೈನಸ್ ಡಿಗ್ರಿಯಲ್ಲೂ ಬಾಗಿಲು ತೆಗೆದು ಹೊರಗೆ ಬನ್ನಿ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿರುವ ನಮ್ಮ ಕನ್ನಡದವರಿಗೆ, ಅದರಲ್ಲೂ ಈ ವರ್ಷ ಹೊಸದಾಗಿ ಬಂದವರಿಗೆ, ಒಂದು ಮಾತು ಹೇಳಬೇಕು. ಚಳಿಗಾಲ ಅಂತ ಐದು ತಿಂಗಳು ಮನೆಯೊಳಗೆ ಕೂರಬೇಡಿ.

ಇಲ್ಲಿ ನಾವು ಬದುಕುವ ರೀತಿ ನೋಡಿ. ಮನೆಯಿಂದ ಗ್ಯಾರೇಜು, ಗ್ಯಾರೇಜಿನಿಂದ ಆಫೀಸಿನ ಪಾರ್ಕಿಂಗು. ಮಿನಿಯಾಪೊಲಿಸ್ ಡೌನ್‌ಟೌನಿನಲ್ಲಿ ಕೆಲಸವಾದರೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಲು ಗಾಜಿನ ಸ್ಕೈವೇ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕೆಲಸ ಮುಗಿಯುವಾಗ ಹೊರಗೆ ಕತ್ತಲು. ಊರಿಂದ ಬಂದ ಅಪ್ಪ ಅಮ್ಮ ಕಿಟಕಿ ಪಕ್ಕ ಕೂತು ಹಿಮ ನೋಡುತ್ತಾ ದಿನ ಕಳೆಯುತ್ತಾರೆ. ವಾಕಿಂಗ್ ಅಂದರೆ ಮಾಲ್ ಆಫ್ ಅಮೆರಿಕದೊಳಗೆ ಎರಡು ಸುತ್ತು. ಅದೂ ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಮಾಲಿನಲ್ಲಿ ಆಕಾಶ ಇಲ್ಲ, ಗಾಳಿ ಇಲ್ಲ. ಫೆಬ್ರವರಿ ಬರುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮಾತು ಕಮ್ಮಿಯಾಗಿ, ನಿದ್ದೆ ಜಾಸ್ತಿಯಾಗಿ, ಎಲ್ಲರ ಮುಖವೂ ಬಾಡಿರುತ್ತದೆ.

ಸುಮ್ನೆ "ಹೊರಗೆ ಹೋಗಿ, ಆರೋಗ್ಯಕ್ಕೆ ಒಳ್ಳೆಯದು" ಅಂದರೆ ಯಾರೂ ಹೋಗುವುದಿಲ್ಲ. ಹತ್ತು ಸಾವಿರ ಹೆಜ್ಜೆಯ ಲೆಕ್ಕ ಟ್ರೆಡ್‌ಮಿಲ್ ಮೇಲೂ ತುಂಬುತ್ತದೆ, ಅಲ್ವಾ? ಮೈನಸ್ ಹದಿನೈದರಲ್ಲಿ ಬೂಟು ಹಾಕಿಕೊಂಡು ಹೊರಡಬೇಕಾದರೆ ಹೊರಗೆ ಮಾತ್ರ ಸಿಗುವಂಥದ್ದು ಏನಾದರೂ ಇರಬೇಕು. ನನಗೆ ಅದು ಹಕ್ಕಿ. ಯಾರೋ ಅಲ್ಲಿ ಇದ್ದಾರೆ, ಹೇಗಿದ್ದಾರೆ ನೋಡಿ ಬರೋಣ ಅನ್ನುವ ಭಾವನೆ ಬಂದ ಮೇಲೆ ಚಳಿ ಅಷ್ಟು ದೊಡ್ಡ ವಿಷಯ ಅನ್ನಿಸುವುದಿಲ್ಲ.

ಚಳಿಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಇದು ಆಟದ ವಿಷಯವಲ್ಲ. 1996ರ ಫೆಬ್ರವರಿ 2ರಂದು ಈ ರಾಜ್ಯದ ಟವರ್ ಎಂಬ ಊರಿನಲ್ಲಿ ಮೈನಸ್ 51 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. 2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲೇ ಮೈನಸ್ 33 ಇತ್ತು. ಅಂಥ ದಿನ ಮನೆಯಲ್ಲೇ ಇರಿ. ಆದರೆ ಅಂಥ ದಿನಗಳು ಬೆರಳೆಣಿಕೆಯಷ್ಟು. ಜನವರಿಯ ಸಾಧಾರಣ ಹಗಲು ಇಲ್ಲಿ ಮೈನಸ್ ನಾಲ್ಕೋ ಐದೋ ಇರುತ್ತದೆ. ಆ ಚಳಿಗೆ ಹೆದರಿ ಇಡೀ ಜನವರಿಯನ್ನು ಕಳೆದುಕೊಳ್ಳುವುದು ನ್ಯಾಯವಲ್ಲ.

ನೋಡಬೇಕಾದದ್ದು ಗಾಳಿಯನ್ನು. ವಿಂಡ್ ಚಿಲ್, ಅಂದರೆ ಗಾಳಿಯೂ ಸೇರಿ ಮೈಗೆ ಅನ್ನಿಸುವ ಚಳಿ, ಮೈನಸ್ 28 ದಾಟಿದರೆ ಬರಿ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗುತ್ತದೆ, ಒದ್ದೆ ಬಟ್ಟೆ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಒಳಗೆ ಉಣ್ಣೆಯ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರು, ಹೊರಗೆ ಗಾಳಿ ತಡೆಯುವ ಜಾಕೆಟ್ಟು. ಒಂದೇ ದಪ್ಪ ಕೋಟಿಗಿಂತ ಇದು ಬೆಚ್ಚಗೆ. ಐದು ಬೆರಳಿನ ಗ್ಲೌಸಿಗಿಂತ ಬೆರಳೆಲ್ಲ ಒಟ್ಟಿಗಿರುವ ಮಿಟನ್ ಒಳ್ಳೆಯದು. ಬೂಟು ಬಿಗಿಯಾಗಿದ್ದರೆ ಎರಡು ಜೊತೆ ಸಾಕ್ಸ್ ಹಾಕಿಯೂ ಪ್ರಯೋಜನವಿಲ್ಲ, ರಕ್ತ ಓಡಾಡಲು ಜಾಗ ಬೇಕು. ಅಮ್ಮಂದಿರಿಗೆ ಸೀರೆ ಬೇಡ, ಚೂಡಿದಾರದ ಒಳಗೆ ಥರ್ಮಲ್ ಹಾಕಿ ಮೇಲೆ ಸ್ನೋ ಪ್ಯಾಂಟ್ ಹಾಕಿಸಿ. ಮಂಜುಗಡ್ಡೆಯ ಮೇಲೆ ಜಾರದ ಹಾಗೆ ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಸಿಗುತ್ತದೆ. ವಯಸ್ಸಾದವರಿಗೆ ಅದು ಬೇಕೇ ಬೇಕು. ಕೆರೆಯ ಮೇಲೆ ನಡೆಯುವುದಾದರೆ ಮಂಜುಗಡ್ಡೆ ಕನಿಷ್ಠ 4 ಇಂಚು ಗಟ್ಟಿ ಇರಬೇಕು ಅನ್ನುತ್ತಾರೆ ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು. ಗೊತ್ತಿಲ್ಲದಿದ್ದರೆ ದಡದಲ್ಲೇ ನಡೆಯಿರಿ. ಲೇಕ್ ಹ್ಯಾರಿಯಟ್ ಸುತ್ತಲಿನ ದಾರಿಯಲ್ಲಿ ಹಿಮ ಬಿದ್ದರೂ ತೆಗೆದು ಚೊಕ್ಕಟ ಮಾಡಿರುತ್ತಾರೆ. ಅದರ ಪಕ್ಕದಲ್ಲೇ ರಾಬರ್ಟ್ಸ್ ಪಕ್ಷಿಧಾಮ ಇದೆ. ಹೊಸಬರು ಅಲ್ಲಿಂದ ಶುರು ಮಾಡಬಹುದು.

ಅಲ್ಲಿ ನಿಮಗೆ ಮೊದಲು ಸಿಗುವುದು ಚಿಕಡೀ. ಕಪ್ಪು ಟೋಪಿ, ಕಪ್ಪು ಗದ್ದ, ಬಿಳಿ ಕೆನ್ನೆ. ತೂಕ ಸುಮಾರು 11-12 ಗ್ರಾಂ, ಎರಡು ಐದು ರೂಪಾಯಿ ನಾಣ್ಯದಷ್ಟು. ಈ ಹಕ್ಕಿ ಚಳಿಗೆ ಎಲ್ಲಿಗೂ ವಲಸೆ ಹೋಗುವುದಿಲ್ಲ. ನಾವು ಹೀಟರ್ ಹಾಕಿಕೊಂಡು ಎರಡು ರಜಾಯಿ ಹೊದ್ದು ಮಲಗಿರುವ ರಾತ್ರಿ ಅದು ಯಾವುದೋ ಮರದ ಪೊಟರೆಯಲ್ಲಿ ಒಂಟಿಯಾಗಿ ಕೂತಿರುತ್ತದೆ.

ಅದು ಬದುಕುವ ಬಗೆ ತಿಳಿದರೆ ನಿಮಗೂ ಗೌರವ ಬರುತ್ತದೆ. ಹಗಲಲ್ಲಿ ಅದರ ಮೈಬಿಸಿ ಸುಮಾರು 42 ಡಿಗ್ರಿ. ಕಡು ಚಳಿಯ ರಾತ್ರಿ ಅದು ತನ್ನ ಮೈಬಿಸಿಯನ್ನು ತಾನೇ ಹತ್ತು ಡಿಗ್ರಿಯಷ್ಟು ಇಳಿಸಿಕೊಳ್ಳುತ್ತದೆ. ಬಿಸಿ ಇಳಿದಷ್ಟೂ ಖರ್ಚು ಕಮ್ಮಿ. ಹಗಲಿಡೀ ತಿಂದದ್ದು ಮೈಯಲ್ಲಿ ಕೊಬ್ಬಾಗಿ ಕೂತಿರುತ್ತದೆ. ರಾತ್ರಿಯಿಡೀ ನಡುಗುತ್ತಾ ಆ ಕೊಬ್ಬನ್ನು ಸುಟ್ಟು ಬಿಸಿ ಮಾಡಿಕೊಳ್ಳುತ್ತದೆ. ಬೆಳಗಾಗುವಾಗ ಉಳಿತಾಯ ಹೆಚ್ಚೂಕಮ್ಮಿ ಖಾಲಿ. ಮತ್ತೆ ಹುಡುಕಬೇಕು, ಮತ್ತೆ ತಿನ್ನಬೇಕು, ಎಂಟೂಮುಕ್ಕಾಲು ಗಂಟೆಯ ಹಗಲಿನೊಳಗೆ. ಶರತ್ಕಾಲದಲ್ಲಿ ಅದು ಕಾಳುಗಳನ್ನು ಒಂದೊಂದಾಗಿ ತೊಗಟೆಯ ಸಂದಿಯಲ್ಲಿ, ಎಲೆಯಡಿಯಲ್ಲಿ ಬಚ್ಚಿಟ್ಟಿರುತ್ತದೆ, ಪ್ರತಿಯೊಂದನ್ನೂ ಬೇರೆ ಬೇರೆ ಜಾಗದಲ್ಲಿ. ವಾರಗಟ್ಟಲೆ ಆ ಜಾಗಗಳನ್ನು ನೆನಪಿಟ್ಟುಕೊಳ್ಳುತ್ತದೆ. ಅದಕ್ಕೆಂದೇ ಮೆದುಳಿನಲ್ಲಿ ನೆನಪಿನ ಭಾಗ ಆ ಕಾಲದಲ್ಲಿ ದೊಡ್ಡದಾಗುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಇನ್ನು ಅದರ ಕೂಗು. ಚಿಕ-ಡೀ-ಡೀ-ಡೀ ಅನ್ನುತ್ತದೆ. ಅಪಾಯ ದೊಡ್ಡದಾದಷ್ಟೂ ಕೊನೆಯ "ಡೀ"ಗಳು ಜಾಸ್ತಿ. ಸಣ್ಣ ಗೂಬೆ ಕಂಡರೆ ಬಹಳ ಸಲ ಕೂಗುತ್ತದೆ, ದೊಡ್ಡ ಗೂಬೆಗೆ ಅಷ್ಟಿಲ್ಲ. ಅಷ್ಟು ಚಿಕ್ಕ ಹಕ್ಕಿಯನ್ನು ಹಿಡಿಯುವಷ್ಟು ಚುರುಕು ಸಣ್ಣ ಗೂಬೆಗೇ ಇರುವುದು.

ಇಂಥ ಹಕ್ಕಿಗಳಿಗೆ ಮನೆಯ ಹೊರಗೆ ಫೀಡರ್, ಅಂದರೆ ಕಾಳು ತುಂಬಿದ ಡಬ್ಬಿ, ಕಟ್ಟಬಹುದು. ಇದನ್ನೆಲ್ಲ ಕೇಳಿದವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಕಾಳು ಹಾಕಿದರೆ ಹಕ್ಕಿ ಸೋಮಾರಿ ಆಗಲ್ವಾ? ಡಿಸೆಂಬರಿನಲ್ಲಿ ಒಂದು ತಿಂಗಳು ಇಂಡಿಯಾಕ್ಕೆ ಹೋದರೆ ನಮ್ಮನ್ನೇ ನಂಬಿದ ಹಕ್ಕಿಗಳ ಗತಿ ಏನು?

ಎರಡಕ್ಕೂ ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲೇ ಉತ್ತರ ಸಿಕ್ಕಿದೆ. ಅಲ್ಲಿನ ಇಬ್ಬರು ವಿಜ್ಞಾನಿಗಳು, ಮಾರ್ಗರೆಟ್ ಬ್ರಿಟಿಂಗ್‌ಹ್ಯಾಮ್ ಮತ್ತು ಸ್ಟ್ಯಾನ್ಲಿ ಟೆಂಪಲ್, ಇದೇ ಚಿಕಡೀಗಳನ್ನು ಗಮನಿಸಿ 1988ರಲ್ಲಿ ಬರೆದರು. ಫೀಡರ್ ಇದ್ದ ಕಡೆ ಚಳಿಗಾಲ ದಾಟಿದ ಹಕ್ಕಿಗಳು ಶೇ 69. ಇಲ್ಲದ ಕಡೆ ಶೇ 37. ಆದರೆ ಈ ವ್ಯತ್ಯಾಸ ಎಲ್ಲ ತಿಂಗಳೂ ಇರಲಿಲ್ಲ. ಮೈನಸ್ 18ಕ್ಕಿಂತ ಕೆಳಗಿನ ದಿನಗಳು ಐದಕ್ಕಿಂತ ಹೆಚ್ಚು ಬಂದ ತಿಂಗಳಲ್ಲಿ ಮಾತ್ರ. ಅಂದರೆ ಬೇರೆ ದಿನ ಹಕ್ಕಿಗೆ ನಮ್ಮ ಕಾಳು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಕಡು ಚಳಿಯ ವಾರದಲ್ಲಿ ಅದು ಜೀವ ಉಳಿಸುತ್ತದೆ. ಅದೇ ಇಬ್ಬರು ಆಮೇಲೆ, 25 ವರ್ಷದಿಂದ ಕಾಳು ಹಾಕುತ್ತಿದ್ದ ಜಾಗದಲ್ಲಿ ಫೀಡರ್ ತೆಗೆಸಿ ನೋಡಿದರು. ಅಲ್ಲಿನ ಹಕ್ಕಿಗಳು ಎಂದೂ ಕಾಳು ಕಾಣದ ಹಕ್ಕಿಗಳಷ್ಟೇ ಚೆನ್ನಾಗಿ ಬದುಕಿದವು. ಫೀಡರ್ ಇದ್ದಾಗಲೂ ಅವು ದಿನದ ಆಹಾರದಲ್ಲಿ ಐದನೇ ಒಂದು ಪಾಲನ್ನಷ್ಟೇ ಅಲ್ಲಿಂದ ಪಡೆಯುತ್ತಿದ್ದವು. ಉಳಿದದ್ದೆಲ್ಲ ಕಾಡಿನದು. ಹಾಗಾಗಿ ನಿಶ್ಚಿಂತೆಯಿಂದ ಊರಿಗೆ ಹೋಗಿ ಬನ್ನಿ. ಇಲ್ಲಿದ್ದೀರಿ ಅಂದರೆ ಮೈನಸ್ 20ರ ವಾರದಲ್ಲಿ ಮರೆಯದೆ ಕಾಳು ತುಂಬಿಡಿ.

ಏನು ಹಾಕಬೇಕು? ಕಪ್ಪು ಎಣ್ಣೆಯ ಸೂರ್ಯಕಾಂತಿ ಬೀಜ. ಸಿಪ್ಪೆ ತೆಳುವು, ಕೊಬ್ಬು ಜಾಸ್ತಿ. ಮರಕುಟಿಗಗಳಿಗೆ ಇಲ್ಲಿನವರು ಸ್ಯೂಯೆಟ್ ಅಂತ ದನದ ಕೊಬ್ಬಿನ ಇಟ್ಟಿಗೆ ಕಟ್ಟುತ್ತಾರೆ. ನಮ್ಮಲ್ಲಿ ಅನೇಕರಿಗೆ ಅದನ್ನು ಮುಟ್ಟಲು ಮನಸ್ಸಾಗುವುದಿಲ್ಲ, ಅದು ಸಹಜ. ಉಪ್ಪಿಲ್ಲದ ಶೇಂಗಾ ಹಾಕಿ, ಮರಕುಟಿಗ ಖುಷಿಯಿಂದ ತಿನ್ನುತ್ತದೆ. ಕಾಗೆಗೆ ಇಟ್ಟ ಹಾಗೆ ಮಿಕ್ಕಿದ ಅನ್ನ, ಚಿತ್ರಾನ್ನ, ಮಿಕ್ಸ್ಚರ್ ದಯವಿಟ್ಟು ಹೊರಗೆ ಇಡಬೇಡಿ. ಉಪ್ಪು, ಎಣ್ಣೆ ಹಕ್ಕಿಗೆ ಒಳ್ಳೆಯದಲ್ಲ, ಇಲಿಗಳೂ ಬರುತ್ತವೆ.

ಕಾಳು ಹಾಕುವುದು ಸುಲಭ. ಅದರ ಜೊತೆಗಿನ ಕೆಲಸವನ್ನೇ ಯಾರೂ ಮಾಡುವುದಿಲ್ಲ, ನನ್ನ ಬೇಸರ ಅಲ್ಲಿದೆ. ಎರಡು ವಾರಕ್ಕೊಮ್ಮೆ ಫೀಡರ್ ತೊಳೆಯಬೇಕು. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು, ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ ತುಂಬಬೇಕು. 1994ರಲ್ಲಿ ಈ ದೇಶದ ಪೂರ್ವ ಭಾಗದಲ್ಲಿ ಹೌಸ್ ಫಿಂಚ್ ಎಂಬ ಹಕ್ಕಿಗಳಲ್ಲಿ ಕಣ್ಣು ಊದಿಕೊಳ್ಳುವ ರೋಗ ಕಾಣಿಸಿತು. ಹಕ್ಕಿಗಳು ಒಂದೇ ತಟ್ಟೆಗೆ ಬಂದು ತಿನ್ನುವಾಗ ಅದು ಒಂದರಿಂದ ಒಂದಕ್ಕೆ ಹರಡುತ್ತದೆ. ಕಣ್ಣು ಕಾಣದ ಹಕ್ಕಿ ಚಳಿಯಲ್ಲಿ ಎಷ್ಟು ದಿನ ಬದುಕೀತು? ನಿಮ್ಮ ಫೀಡರಿಗೆ ಅಂಥ ಹಕ್ಕಿ ಬಂದರೆ ಎರಡು ವಾರ ಫೀಡರ್ ಕೆಳಗಿಳಿಸಿ. ಕಷ್ಟವಾಗುತ್ತದೆ, ಆದರೂ ಇಳಿಸಿ.

ಎಲ್ಲಕ್ಕಿಂತ ದೊಡ್ಡ ಕೊಲೆಗಾರ ನಮ್ಮ ಮನೆಯ ಗಾಜು ಮತ್ತು ಹೊರಗೆ ಅಲೆಯುವ ಬೆಕ್ಕು. ಅಮೆರಿಕದಲ್ಲಿ ವರ್ಷಕ್ಕೆ 36 ಕೋಟಿಯಿಂದ ಸುಮಾರು 99 ಕೋಟಿ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವೆ ಅಂತ 2014ರ ಅಂದಾಜು. ಎತ್ತರದ ಕಟ್ಟಡಗಳಿಂದ ಅಂದುಕೊಳ್ಳುತ್ತೇವೆ. ಅವುಗಳ ಪಾಲು ಶೇ 1ಕ್ಕಿಂತಲೂ ಕಮ್ಮಿ. ಶೇ 44 ನಮ್ಮ ನಿಮ್ಮಂಥವರ ಮನೆಗಳದು. ಗಾಜಿನಲ್ಲಿ ಆಕಾಶ ಕಾಣುತ್ತದೆ, ಹಕ್ಕಿ ಅದನ್ನೇ ನಂಬಿ ಹಾರುತ್ತದೆ. ಒಂದು ಗಿಡುಗದ ಚಿತ್ರ ಅಂಟಿಸಿದರೆ ಸಾಲದು. ಗಾಜಿನ ಹೊರಮೈಯಲ್ಲಿ ಎರಡೆರಡು ಇಂಚಿಗೆ ಚುಕ್ಕಿ ಇಡಬೇಕು. ರಂಗೋಲಿಗೆ ಚುಕ್ಕಿ ಇಟ್ಟು ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಕಲಿಸುವುದೇ ಬೇಡ. ಫೀಡರನ್ನು ಕಿಟಕಿಗೆ ಮೂರು ಅಡಿಯೊಳಗೆ ಕಟ್ಟಿ. ಅಷ್ಟು ಹತ್ತಿರದಿಂದ ಹಾರಿದರೆ ಬಡಿದರೂ ಪೆಟ್ಟು ಜೋರಾಗಿರುವುದಿಲ್ಲ. ಬೆಕ್ಕನ್ನು ಮನೆಯೊಳಗೇ ಸಾಕಿ. 1970ರಿಂದ ಈಚೆಗೆ ಉತ್ತರ ಅಮೆರಿಕದಲ್ಲಿ ಸುಮಾರು 300 ಕೋಟಿ ಹಕ್ಕಿಗಳು ಕಮ್ಮಿಯಾಗಿವೆ ಎಂದು 2019ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟಿದ್ದಾರೆ. ಹತ್ತರಲ್ಲಿ ಮೂರು ಹೋದ ಹಾಗಾಯಿತು. ಇದನ್ನು ಓದಿಯೂ ಗಾಜಿಗೆ ಚುಕ್ಕಿ ಇಡದಿದ್ದರೆ ಹಕ್ಕಿ ಅಂದ್ರೆ ನನಗಿಷ್ಟ ಅನ್ನುವ ಮಾತಿಗೆ ಅರ್ಥವಿಲ್ಲ.

ಫೋಟೋ ತೆಗೆಯುವ ಗೆಳೆಯರಿಗೂ ಒಂದು ಮಾತು. ಡುಲೂತ್ ಊರಿನ ವಾಯವ್ಯಕ್ಕೆ ಸ್ಯಾಕ್ಸ್-ಜಿಮ್ ಬಾಗ್ ಎಂಬ ಜೌಗು ಕಾಡಿದೆ. ಚಳಿಗಾಲದಲ್ಲಿ ದೊಡ್ಡ ಬೂದು ಗೂಬೆಗಳನ್ನು ನೋಡಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. 2004-05ರ ಚಳಿಗಾಲದಲ್ಲಿ ಮಿನೆಸೋಟದಲ್ಲಿ ಐದು ಸಾವಿರಕ್ಕೂ ಹೆಚ್ಚು ಬೂದು ಗೂಬೆಗಳು ಲೆಕ್ಕಕ್ಕೆ ಸಿಕ್ಕಿದ್ದವು. ಉತ್ತರದಲ್ಲಿ ಇಲಿಗಳು ಕಮ್ಮಿಯಾದಾಗ ಹಸಿದು ಕೆಳಗೆ ಬರುತ್ತವೆ. ಹಿಮದ ಅಡಿಯಲ್ಲಿ ಓಡುವ ಇಲಿಯ ಸದ್ದನ್ನು ಕಿವಿಯಿಂದಲೇ ಹಿಡಿದು ಎರಗುವ ಹಕ್ಕಿ ಅದು. ಅದರ ಮುಂದೆ ಅಂಗಡಿಯ ಇಲಿ ಬಿಟ್ಟು ಹಾರುವ ಫೋಟೋ ತೆಗೆಯುವವರಿದ್ದಾರೆ. ಅದು ತಪ್ಪು. ಗೂಬೆ ರಸ್ತೆ ಬದಿಗೆ, ಮನುಷ್ಯರ ಹತ್ತಿರಕ್ಕೆ ಬರುವುದನ್ನು ಕಲಿಯುತ್ತದೆ, ಕೊನೆಗೆ ಕಾರಿಗೆ ಸಿಗುತ್ತದೆ. ಕಾರಿನೊಳಗೇ ಇದ್ದು ದೂರದಿಂದ ನೋಡಿ. ಫೋಟೋ ಬರದಿದ್ದರೆ ಬೇಡ.

ಮಕ್ಕಳಿದ್ದವರು ಮಾಂಟಿಸೆಲೊಗೆ ಹೋಗಿ, ಮಿನಿಯಾಪೊಲಿಸ್‌ನಿಂದ ಒಂದು ಗಂಟೆಯೊಳಗಿನ ದಾರಿ. ಅಣು ವಿದ್ಯುತ್ ಸ್ಥಾವರದ ಬಿಸಿ ನೀರು ಸೇರುವುದರಿಂದ ಅಲ್ಲಿ ಮಿಸಿಸಿಪಿ ನದಿ ಹೆಪ್ಪುಗಟ್ಟುವುದಿಲ್ಲ. 1980ರ ದಶಕದಲ್ಲಿ ನದಿ ದಡದ ಮನೆಯ ಮಹಿಳೆಯೊಬ್ಬರು ಅಲ್ಲಿದ್ದ ಕೆಲವೇ ಟ್ರಂಪೆಟರ್ ಹಂಸಗಳಿಗೆ ಮೆಕ್ಕೆಜೋಳ ಹಾಕಲು ಶುರು ಮಾಡಿದರು. ಚಳಿಗಾಲಕ್ಕೆ ಬರುವ ಹಂಸಗಳು ಈಗ ನೂರಾರು. ಒಂದು ಕಾಲಕ್ಕೆ ಈ ರಾಜ್ಯದಿಂದಲೇ ಕಾಣೆಯಾಗಿದ್ದ ಹಕ್ಕಿ ಇದು. 1960ರ ದಶಕದಿಂದ ಜನ ಪಟ್ಟು ಹಿಡಿದು ಮರಳಿ ತಂದರು. ಬಾತುಗಳು ಬರಿಗಾಲಲ್ಲಿ ಮಂಜುಗಡ್ಡೆ ಮೇಲೆ ಹೇಗೆ ನಿಲ್ಲುತ್ತವೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಕಾಲಿಗೆ ಇಳಿಯುವ ಬಿಸಿ ರಕ್ತದ ನಾಳ ಮತ್ತು ಮೇಲೆ ಬರುವ ತಣ್ಣನೆ ರಕ್ತದ ನಾಳ ಅಂಟಿಕೊಂಡಿರುತ್ತವೆ. ಬಿಸಿ ದಾರಿಯಲ್ಲೇ ಕೈ ಬದಲಾಯಿಸಿ ಮೈಗೆ ವಾಪಸ್ ಹೋಗುತ್ತದೆ. ಪಾದ ತಣ್ಣಗಿರುತ್ತದೆ, ಹೆಪ್ಪುಗಟ್ಟುವುದಿಲ್ಲ.

ನಾನು ಗದಗದ ಕಡೆಯವನು. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯ ಚಳಿ ಬಿಟ್ಟು ಬರುವ ಹಕ್ಕಿಗಳು. ಸುತ್ತಲಿನ ಹೊಲಕ್ಕೆ ಇಳಿದು ಬೆಳೆ ತಿನ್ನುತ್ತವೆ. ರೈತರಿಗೆ ನಷ್ಟವೇ, ಆದರೂ ಹಕ್ಕಿ ಬರುವುದು ನಿಂತಿಲ್ಲ. ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ, ಸೇರಿತು. ಇಲ್ಲಿ ನಮ್ಮ ಹಿತ್ತಲಿಗೆ ಬರುವ ಬೂದು ಬಣ್ಣದ ಜಂಕೋ ಕೂಡ ಹಾಗೇ, ಕೆನಡಾದ ಕಾಡಿನಿಂದ ಚಳಿ ತಪ್ಪಿಸಿಕೊಂಡು ಇಳಿದು ಬಂದದ್ದು. ಅದಕ್ಕೆ ಮಿನೆಸೋಟವೇ ಬೆಚ್ಚಗಿನ ಊರು. ಮಾಗಡಿಯ ರೈತ ಬೆಳೆ ಬಿಟ್ಟುಕೊಡುತ್ತಾನೆ. ನಮ್ಮಿಂದ ಒಂದು ಕಿಟಕಿ, ಒಂದು ಗಂಟೆ ಆಗದೇ?

ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. 1998ರಲ್ಲಿ ಇಲ್ಲಿ ಶುರುವಾಗಿ 2013ರಿಂದ ಇಡೀ ಜಗತ್ತಿಗೆ ತೆರೆದಿದೆ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿ ಇ-ಬರ್ಡ್ ಎಂಬ ವೆಬ್‌ಸೈಟಿನಲ್ಲಿ ಬರೆದರೆ ಸಾಕು. ಕರ್ನಾಟಕದಲ್ಲೂ ಅದೇ ದಿನಗಳಲ್ಲಿ ಎಣಿಸುತ್ತಾರೆ. ಊರಲ್ಲಿರುವ ಅಪ್ಪ ಅಮ್ಮನಿಗೆ ಮಾಳಿಗೆ ಮೇಲೆ ನಿಂತು ಎಣಿಸಲು ಹೇಳಿ, ನೀವು ಇಲ್ಲಿ ಎಣಿಸಿ. ಆ ಶನಿವಾರ ಬೆಳಗ್ಗೆ ಒಂಬತ್ತಕ್ಕೆ ನಾನು ರಾಬರ್ಟ್ಸ್ ಪಕ್ಷಿಧಾಮದ ಬಳಿ ಇರುತ್ತೇನೆ. ಬರುವವರು ಕೆಳಗೆ ಕಾಮೆಂಟ್‌ನಲ್ಲಿ ತಿಳಿಸಿ. ದುರ್ಬೀನು ಇಲ್ಲದಿದ್ದರೆ ನನ್ನ ಹತ್ತಿರ ಇನ್ನೊಂದಿದೆ, ತರುತ್ತೇನೆ. ಮಿಟನ್ ಮಾತ್ರ ನೀವೇ ತರಬೇಕು. ಮಕ್ಕಳು, ಹಿರಿಯರು ಎಲ್ಲರೂ ಬನ್ನಿ.