ಶೋಧಗಂಗೆಯಲ್ಲಿ ಪೌಂಡ್ ಚಿಹ್ನೆ

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ‘ಶೋಧಗಂಗಾ’ ಎಂಬ ಅಂತರ್ಜಾಲ ಭಂಡಾರದಲ್ಲಿ 5 ಲಕ್ಷಕ್ಕೂ ಹೆಚ್ಚು ಪಿಎಚ್.ಡಿ. ಪ್ರಬಂಧಗಳು ಹರಿಯುತ್ತಿವೆ. ಇಳಿದು ಮೀಯಲು ಶುಲ್ಕವಿಲ್ಲ, ಶಿಫಾರಸು ಪತ್ರವೂ ಬೇಡ. ಹಿಂದೆಲ್ಲ ಒಂದು ಪ್ರಬಂಧ ನೋಡಬೇಕಾದರೆ, ಬೀರುವಿನ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಮಹನೀಯರು ಕಾಫಿ ಮುಗಿಸಿ ಬರುವವರೆಗೆ ಕಾಯಬೇಕಿತ್ತು. 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯ ಮಾಡಿತು. ಬೀಗ ಕಳಚಿತು.

ಆದರೆ ಬೀಗವಿಲ್ಲದಿದ್ದರೆ ನಮ್ಮ ವಿದ್ವತ್ತಿಗೆ ನಿದ್ದೆ ಹತ್ತೀತೇ? ವಚನಗಳ ಮೇಲಿನ ಕನ್ನಡ ಪ್ರಬಂಧವೊಂದನ್ನು ತೆರೆದೆ. ಪರದೆಯ ಮೇಲೆ ಮುದ್ದಾದ ಅಕ್ಷರ. ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದೆ. ‘ಕನ್ನಡ’ ಎಂಬ ಪದವಿದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ನೆತ್ತಿಗೆ ಕಡ್ಡಿ ಚುಚ್ಚಿಕೊಂಡ ಎ, ಅದರ ಬೆನ್ನಿಗೆ ಬ್ರಿಟನ್ನಿನ ಪೌಂಡ್ ಚಿಹ್ನೆ! ಎಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸುವ ಹಳೆಯ ‘ನುಡಿ’ ಫಾಂಟಿನ ಮಹಿಮೆ. ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಕಣ್ಣಿಗೆ ಪೌಂಡು. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದೆ. ಆ ಸುದ್ದಿ ಪ್ರಬಂಧ ಟೈಪ್ ಮಾಡಿದ ಡಿಟಿಪಿ ಅಂಗಡಿಯನ್ನು ತಲುಪಿರಲಿಲ್ಲ, ಅಷ್ಟೇ. ‘ವಚನ’ ಎಂದು ಹುಡುಕಿದೆ. ಮುನ್ನೂರು ಪುಟಗಳಲ್ಲಿ ಒಂದೂ ವಚನವಿಲ್ಲ ಎಂದಿತು ಯಂತ್ರ. (ಪ್ರಬಂಧ ಓದಿದ ಮೇಲೆ ನನಗೂ ಹಾಗೆಯೇ ಅನ್ನಿಸಿತು, ಆ ಮಾತು ಬೇರೆ.)

ಗಂಗೆಯಲ್ಲಿ ಮುಳುಗಿದರೆ ಪಾಪ ಹೋಗುತ್ತದೆ ಎಂಬುದು ಸುಳ್ಳಲ್ಲ. ಯುಜಿಸಿಯ 2018ರ ನಿಯಮದಂತೆ ಬೇರೆಯವರ ಬರಹದೊಂದಿಗೆ ಶೇ 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ. ಇಲ್ಲಿ ಆ ರಿಯಾಯಿತಿಯೂ ಬೇಕಿಲ್ಲ. ‘ನುಡಿ’ ಫಾಂಟಿನಲ್ಲಿರುವ ಹಳೆಯ ಪ್ರಬಂಧದ ಇಡೀ ಅಧ್ಯಾಯವನ್ನು ಎತ್ತಿ ಯೂನಿಕೋಡಿನಲ್ಲಿ ಟೈಪ್ ಮಾಡಿಸಿ; ಕೃತಿಚೌರ್ಯ ಹಿಡಿಯುವ ತಂತ್ರಾಂಶ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಇವರಿಬ್ಬರಿಗೂ ನಂಟೇ ಇಲ್ಲ ಎಂದು ಪ್ರಮಾಣ ಮಾಡುತ್ತದೆ.

“ಸರ್, ಯೂನಿಕೋಡಿನ ಪ್ರತಿ ಕೊಡಿಸಿದರೆ ಹುಡುಕುವವರಿಗೆ ಅನುಕೂಲ” ಎಂದು ಪರಿಚಯದ ಗ್ರಂಥಪಾಲಕರೊಬ್ಬರು ಪಿಎಚ್.ಡಿ. ಮಾರ್ಗದರ್ಶಕರೊಬ್ಬರನ್ನು ಕೇಳಿಕೊಂಡರಂತೆ.

“ಹುಡುಕಿದರೆ ಸಿಗುವ ಹಾಗಾದರೆ ಯಾರಾದರೂ ಓದಿಬಿಡುತ್ತಾರಲ್ಲ ರೀ!”

ಗ್ರಂಥಪಾಲಕರು ತಮ್ಮ ಕುರ್ಚಿಗೆ ಮರಳಿದರು. ಶೀರ್ಷಿಕೆ, ಸಂಶೋಧಕರ ಹೆಸರು, ನಾಲ್ಕಾರು ವಿಷಯಪದಗಳನ್ನು ತಾವೇ ಯೂನಿಕೋಡಿನಲ್ಲಿ ಟೈಪ್ ಮಾಡಿ ಏರಿಸಿದರು. ಹುಡುಕಿದರೆ ಸಿಗುವ ಕನ್ನಡ ಅಷ್ಟೇ. ಅದನ್ನು ಬರೆದವರಿಗೆ ಡಾಕ್ಟರೇಟ್ ಇಲ್ಲ.